ಬಿಟ್ಟ ಕೆಲಸಕ್ಕೆ ಮರಳುವ ಮುನ್ನ: ಬಿಡಲು ಇದ್ದ ಕಾರಣ ಈಗ ಎಲ್ಲಿದೆ?

ಹಳೇ ಮ್ಯಾನೇಜರ್‌ನಿಂದ ಒಂದು ಮೆಸೇಜ್ ಬರುತ್ತದೆ. ‘ಹೇಗಿದ್ದೀರಿ? ಇಲ್ಲೊಂದು ಜಾಗ ಖಾಲಿ ಇದೆ. ನಿಮ್ಮ ನೆನಪಾಯಿತು.’ ಅಷ್ಟೇ. ಓದಿದ ಕೂಡಲೇ ಮನಸ್ಸಿನಲ್ಲಿ ಎರಡು ಮಾತು ಒಟ್ಟಿಗೆ ಏಳುತ್ತವೆ. ‘ಪರವಾಗಿಲ್ಲ, ನನ್ನನ್ನು ಮರೆತಿಲ್ಲ’ ಎಂಬ ಖುಷಿ ಒಂದು. ‘ಯಾವ ಮುಖ ಇಟ್ಟುಕೊಂಡು ಹೋಗಲಿ’ ಎಂಬ ಅಳುಕು ಇನ್ನೊಂದು.

ನನಗೆ ಆ ಮೆಸೇಜ್ ಬಂದಾಗ ನಾನು ಅಲ್ಲಿಂದ ಹೊರಬಿದ್ದು ಮೂರು ವರ್ಷವಾಗಿತ್ತು. ಉತ್ತರ ಬರೆಯಲು ಹನ್ನೊಂದು ದಿನ ಬೇಕಾಯಿತು. ಅಷ್ಟೂ ದಿನ ಸಂಬಳದ ಲೆಕ್ಕ ಹಾಕಿದೆ. ಹುದ್ದೆಯ ಹೆಸರನ್ನು ಅಳೆದು ಸುರಿದೆ. ಯಾರ್‍ಯಾರು ಇನ್ನೂ ಅಲ್ಲೇ ಇದ್ದಾರೆ ಅಂತ ವಿಚಾರಿಸಿದೆ. ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೊನೆಯ ದಿನ ಕೇಳಿಕೊಂಡೆ. ನಾನು ಯಾವ ಕಾರಣಕ್ಕೆ ಬಿಟ್ಟೆನೋ, ಆ ಕಾರಣ ಈಗ ಏನಾಗಿದೆ?

ಹಳೇ ಕೆಲಸಕ್ಕೆ ಮರಳುವ ವಿಷಯದಲ್ಲಿ ಉಳಿದೆಲ್ಲ ಪ್ರಶ್ನೆಗಳೂ ಇದರ ಹಿಂದೆ ಬರುತ್ತವೆ ಅಂತ ನಾನು ನಂಬುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಎಷ್ಟು ಜನ ಮರಳುತ್ತಿದ್ದಾರೆ?

ಕೆಲಸ ಬಿಟ್ಟು ಹೋಗಿ, ಬೇರೆ ಕಡೆ ದುಡಿದು, ಮತ್ತೆ ಅದೇ ಕಂಪನಿಗೆ ಬರುವವರಿಗೆ ಎಚ್‌ಆರ್‌ನವರು ‘ಬೂಮರಾಂಗ್ ಉದ್ಯೋಗಿ’ ಎಂಬ ಹೆಸರಿಟ್ಟಿದ್ದಾರೆ. ಬೂಮರಾಂಗ್ ಎಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳು ಬಳಸುವ ಬಾಗಿದ ಕೋಲು. ಎಸೆದರೆ ತಿರುಗಿ ಕೈಗೇ ಬರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಬೇಟೆಗೆ ಬಳಸುತ್ತಿದ್ದ ಭಾರದ ಬೂಮರಾಂಗ್‌ಗಳು ತಿರುಗಿ ಬರುವಂಥವಲ್ಲ. ಅದೂ ಅಲ್ಲದೆ, ತಿರುಗಿ ಬರುವ ಕೋಲು ಹೋದ ಹಾಗೇ ವಾಪಸ್ ಬರುತ್ತದೆ. ಮನುಷ್ಯರು ಹಾಗೆ ಬರುವುದಿಲ್ಲ ಅಲ್ವಾ? ಹಾಗಾಗಿ ಈ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ.

ಒಂದು ಕಾಲದಲ್ಲಿ ರಾಜೀನಾಮೆ ಕೊಟ್ಟವರನ್ನು ಮತ್ತೆ ಒಳಗೆ ಸೇರಿಸಲೇಬಾರದು ಎಂಬ ನಿಯಮ ಎಷ್ಟೋ ಕಂಪನಿಗಳಲ್ಲಿತ್ತು. ಬಿಟ್ಟು ಹೋಗುವುದನ್ನು ದ್ರೋಹದ ಹಾಗೆ ನೋಡುತ್ತಿದ್ದರು. ಈಗ ಆ ಗೋಡೆ ಬಹುಮಟ್ಟಿಗೆ ಬಿದ್ದಿದೆ. ಅದಕ್ಕೆ ಜೋರು ಪೆಟ್ಟು ಕೊಟ್ಟದ್ದು ಕೋವಿಡ್ ನಂತರದ ರಾಜೀನಾಮೆಗಳ ಅಲೆ. ಅಮೆರಿಕದಲ್ಲಿ 2021ರಲ್ಲಿ 4.7 ಕೋಟಿಗೂ ಹೆಚ್ಚು ರಾಜೀನಾಮೆಗಳು ಬಿದ್ದವು. ಆ ವರ್ಷ ಮೇ ತಿಂಗಳಲ್ಲಿ ಆಂಟನಿ ಕ್ಲಾಟ್ಜ್ ಎಂಬ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರು ಸಂದರ್ಶನವೊಂದರಲ್ಲಿ ಇದನ್ನು ‘ಗ್ರೇಟ್ ರೆಸಿಗ್ನೇಷನ್’ ಎಂದು ಕರೆದರು. ಹೆಸರು ಅಲ್ಲೇ ಅಂಟಿಕೊಂಡಿತು.

ಅಷ್ಟು ಜನ ಹೊರಗೆ ಹೋದ ಮೇಲೆ, ಅವರಲ್ಲಿ ಒಂದಷ್ಟು ಜನ ಹಿಂದಕ್ಕೆ ನೋಡುವುದು ಸಹಜ. ಸಂಬಳ ಪಾವತಿಯ ಕೆಲಸ ಮಾಡುವ ದೊಡ್ಡ ಸಂಸ್ಥೆ ಎಡಿಪಿ ತನ್ನ ಬಳಿ ಇರುವ ಅಮೆರಿಕದ ವೇತನ ದಾಖಲೆಗಳನ್ನು ನೋಡಿತು. 2025ರ ಮಾರ್ಚ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ಶೇ 35ರಷ್ಟು ಜನ ಹಳೇ ಕಂಪನಿಗೇ ಮರಳಿದವರು. ಅಂದರೆ ಮೂವರಲ್ಲಿ ಒಬ್ಬರು! ಇನ್ನು ಇದನ್ನು ಅಪರೂಪದ ಸಂಗತಿ ಅನ್ನುವ ಹಾಗಿಲ್ಲ. ‘ನಾನೊಬ್ಬನೇ ಸೋತು ವಾಪಸ್ ಹೋಗುತ್ತಿದ್ದೇನೆ’ ಅಂತ ಒಳಗೊಳಗೇ ಕೊರಗುವವರು ಈ ಅಂಕಿಯನ್ನು ನೆನಪಿಟ್ಟುಕೊಂಡರೆ ಸಾಕು.

ಕಂಪನಿಗೆ ಏನು ಲಾಭ?

ಇದು ಊಹಿಸಲು ಕಷ್ಟವೇನಲ್ಲ. ಹೊಸಬರನ್ನು ಹುಡುಕಲು ಖರ್ಚಾಗುತ್ತದೆ. ಬಂದವರು ಕೆಲಸಕ್ಕೆ ಒಗ್ಗಿಕೊಳ್ಳಲು ತಿಂಗಳುಗಳು ಬೇಕು. ಇಂಟರ್‌ವ್ಯೂನಲ್ಲಿ ಚೆನ್ನಾಗಿ ಮಾತಾಡಿದವರು ಕೆಲಸದಲ್ಲಿ ಹೇಗೋ ಗೊತ್ತಿರುವುದಿಲ್ಲ. ಹಳಬರ ವಿಷಯದಲ್ಲಿ ಈ ಅನುಮಾನ ಕಡಿಮೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಜೆ.ಆರ್. ಕೆಲ್ಲರ್ ಮತ್ತು ಸಂಗಡಿಗರು ಒಂದು ದೊಡ್ಡ ಆರೋಗ್ಯ ಸೇವಾ ಸಂಸ್ಥೆಯ ಎಂಟು ವರ್ಷಗಳ ದಾಖಲೆ ತೆಗೆದುಕೊಂಡರು. ಮರಳಿ ಬಂದ 2,053 ಜನರನ್ನು ಹೊಸದಾಗಿ ಸೇರಿದ 10,858 ಜನರ ಜೊತೆ ಹೋಲಿಸಿದರು. ಮರಳಿದವರ ಕೆಲಸವೇ ಮೇಲಾಗಿತ್ತು. ಅದರಲ್ಲೂ ಹತ್ತು ಜನರ ಜೊತೆ ಹೊಂದಿಸಿಕೊಂಡು, ಬೇರೆ ಬೇರೆ ವಿಭಾಗಗಳನ್ನು ಒಪ್ಪಿಸಿ ಮಾಡಬೇಕಾದ ಕೆಲಸಗಳಲ್ಲಿ ಅವರು ಮುಂದಿದ್ದರು.

ಇದು ಯಾಕೆ ಅಂತ ಒಳಗೆ ಕೆಲಸ ಮಾಡಿದವರಿಗೆ ಗೊತ್ತು. ಪ್ರತಿ ಆಫೀಸಿನಲ್ಲೂ ಎರಡು ನಕ್ಷೆಗಳಿರುತ್ತವೆ. ಒಂದು ಗೋಡೆಯ ಮೇಲೆ ತೂಗುಹಾಕಿರುವುದು, ಯಾರ ಕೆಳಗೆ ಯಾರು ಅಂತ ತೋರಿಸುವುದು. ಇನ್ನೊಂದು ಎಲ್ಲೂ ಬರೆದಿರುವುದಿಲ್ಲ. ಈ ಫೈಲ್ ಯಾರ ಮೇಜಿನ ಮೇಲೆ ನಿಲ್ಲುತ್ತದೆ, ಯಾರಿಗೆ ಫೋನ್ ಮಾಡಿದರೆ ಸಾಕು, ಯಾರಿಗೆ ಮೇಲ್ ಬರೆದೇ ಕೇಳಬೇಕು, ಯಾವ ಮೀಟಿಂಗ್‌ನಲ್ಲಿ ನಿಜವಾಗಿ ತೀರ್ಮಾನ ಆಗುತ್ತದೆ, ಯಾವುದು ಸುಮ್ನೆ ನಡೆಯುತ್ತದೆ. ಹೊಸಬರು ಇದನ್ನು ಎಡವಿ ಎಡವಿ ಕಲಿಯಬೇಕು. ಹಳಬರ ತಲೆಯಲ್ಲಿ ಅದು ಇದ್ದೇ ಇರುತ್ತದೆ.

ಇದಿಷ್ಟೇ ಓದಿದರೆ ಮರಳುವುದು ಎಲ್ಲರಿಗೂ ಒಳ್ಳೆಯದು ಅನ್ನಿಸಿಬಿಡುತ್ತದೆ. ಆದರೆ 2021ರಲ್ಲಿ ಇನ್ನೊಂದು ಅಧ್ಯಯನ ಬಂತು. ಜಾನ್ ಆರ್ನಾಲ್ಡ್ ಮತ್ತು ಸಂಗಡಿಗರು ಚಿಲ್ಲರೆ ವ್ಯಾಪಾರದ ಒಂದು ದೊಡ್ಡ ಸಂಸ್ಥೆಯ ಮ್ಯಾನೇಜರ್‌ಗಳನ್ನು ನೋಡಿದರು. ಅಲ್ಲಿ ಮರಳಿ ಬಂದವರ ಕೆಲಸ, ಬಿಡುವ ಮುಂಚೆ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇತ್ತು. ಹೊರಗಿನಿಂದ ಹೊಸದಾಗಿ ಬಂದವರು, ಒಳಗಿನಿಂದಲೇ ಮೇಲೇರಿದವರು ಮಾತ್ರ ದಿನ ಕಳೆದಂತೆ ಸುಧಾರಿಸಿದರು. ಮರಳಿದವರು ಎರಡನೇ ಸಲ ಬಿಡುವ ಸಾಧ್ಯತೆಯೂ ಜಾಸ್ತಿ ಇತ್ತು.

ಅವರು ಎರಡನೇ ಸಲ ಯಾಕೆ ಬಿಟ್ಟರು? ಬಹಳಷ್ಟು ಸಲ, ಮೊದಲನೇ ಸಲ ಬಿಟ್ಟಂಥ ಕಾರಣಕ್ಕೇ.

ಆ ಸಾಲನ್ನು ಮೊದಲು ಓದಿದಾಗ ನನ್ನ ಗೆಳತಿಯೊಬ್ಬಳು ನೆನಪಾದಳು. ಅವಳ ಹಳೇ ಕಂಪನಿ ಒಳ್ಳೆಯ ಸಂಬಳ ಕೊಟ್ಟು ವಾಪಸ್ ಕರೆಸಿಕೊಂಡಿತು. ಅವಳು ಮೊದಲು ಬಿಟ್ಟಿದ್ದು ಸಂಬಳಕ್ಕಲ್ಲ. ಎಲ್ಲರೆದುರು ಕೂಗಾಡುವ ಒಬ್ಬ ಮೇಲಧಿಕಾರಿಯ ಕಾರಣಕ್ಕೆ. ಆತ ಅಲ್ಲೇ ಇದ್ದ. ‘ಈಗ ಬದಲಾಗಿದ್ದಾರೆ’ ಎಂದು ಯಾರೋ ಹೇಳಿದ್ದನ್ನು ಅವಳು ನಂಬಿದಳು. ಎಂಟು ತಿಂಗಳಿಗೆ ಮತ್ತೆ ಹೊರಗೆ ಬಂದಳು. ಎರಡನೇ ಸಲ ಬಿಡುವಾಗ ಮೊದಲಿಗಿಂತ ಜಾಸ್ತಿ ನೊಂದಿದ್ದಳು. ಗೊತ್ತಿದ್ದೂ ಹೋದೆನಲ್ಲ ಅಂತ ತನ್ನ ಮೇಲೇ ಅವಳಿಗೆ ಸಿಟ್ಟು.

ದೂಡಿದ್ದೋ, ಸೆಳೆದದ್ದೋ?

ಕೆಲಸ ಬಿಡುವ ಕಾರಣಗಳನ್ನು ಎರಡು ಗುಂಪು ಮಾಡಬಹುದು. ಒಳಗಿನ ಯಾವುದೋ ನಮ್ಮನ್ನು ಹೊರಗೆ ದೂಡುತ್ತದೆ. ಅಥವಾ ಹೊರಗಿನ ಯಾವುದೋ ಸೆಳೆಯುತ್ತದೆ, ಇಲ್ಲವೇ ಕರೆಯುತ್ತದೆ. ಮಗು ಹುಟ್ಟುತ್ತದೆ. ಮನೆಯಲ್ಲಿ ಯಾರಿಗೋ ಕಾಯಿಲೆ. ಸಂಗಾತಿಗೆ ಬೇರೆ ಊರಿನಲ್ಲಿ ಕೆಲಸ. ಓದಬೇಕು ಅನ್ನಿಸುತ್ತದೆ. ಇವುಗಳಲ್ಲಿ ಕಂಪನಿಯ ಮೇಲೆ ಯಾವ ದೂರೂ ಇಲ್ಲ.

ಅಬ್ಬಿ ಶಿಪ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತು. ಬಿಟ್ಟು ಹೋಗಿ ಮರಳಿದವರಿಗೂ, ಬಿಟ್ಟು ಹೋಗಿ ಮರಳದವರಿಗೂ ಬಿಟ್ಟ ಕಾರಣದಲ್ಲೇ ವ್ಯತ್ಯಾಸವಿತ್ತು. ಬದುಕಿನ ಇಂಥ ತಿರುವುಗಳಿಂದ ಬಿಟ್ಟವರು ಹೆಚ್ಚಾಗಿ ಮರಳಿದರು. ಕೆಲಸದ ಮೇಲಿನ ಬೇಸರದಿಂದ ಬಿಟ್ಟವರು ಕಡಿಮೆ ಮರಳಿದರು. ಸೆಳೆತದಿಂದ ಹೋದವರಿಗೆ ಆ ಸೆಳೆತ ಮುಗಿದ ಮೇಲೆ ದಾರಿ ಸಲೀಸು. ಮಗು ಶಾಲೆಗೆ ಹೋಗುತ್ತದೆ, ಓದು ಮುಗಿಯುತ್ತದೆ, ಕಾರಣ ತಾನಾಗಿಯೇ ಕರಗುತ್ತದೆ.

ದೂಡಿಸಿಕೊಂಡು ಹೋದವರಿಗೆ ಹಾಗಲ್ಲ. ಆ ಕಾರಣ ತಾನಾಗಿ ಕರಗುವುದಿಲ್ಲ, ಯಾರಾದರೂ ಸರಿಮಾಡಿರಬೇಕು. ಇಲ್ಲಿ ನೆನಪು ನಮಗೆ ಮೋಸ ಮಾಡುತ್ತದೆ. ದೂರದ ಬೆಟ್ಟ ನುಣ್ಣಗೆ ಅಂತ ನಾವು ಹೊಸ ಕೆಲಸದ ಬಗ್ಗೆ ಎಚ್ಚರಿಸುತ್ತೇವೆ. ಬಿಟ್ಟು ಎರಡು ವರ್ಷವಾದರೆ ಹಳೇ ಕಂಪನಿಯೂ ದೂರದ ಬೆಟ್ಟವೇ ಆಗಿಬಿಡುತ್ತದೆ. ಅಲ್ಲಿನ ಗೆಳೆಯರು, ನಗು, ಒಟ್ಟಿಗೆ ಕಳೆದ ಬಿಡುವಿನ ಹೊತ್ತು ನೆನಪಾಗುತ್ತದೆ. ಭಾನುವಾರ ಸಂಜೆ ಹೊಟ್ಟೆಯಲ್ಲಿ ಏಳುತ್ತಿದ್ದ ಸಂಕಟ ನೆನಪಾಗುವುದಿಲ್ಲ. ಈಗಿನ ಕೆಲಸ ಕಷ್ಟವಾಗಿದ್ದರಂತೂ ಆ ಬೆಟ್ಟ ಇನ್ನೂ ಹಸಿರಾಗಿ ಕಾಣುತ್ತದೆ. ಬಿಡುವ ಹೊತ್ತಿನಲ್ಲಿ ಯಾರಿಗಾದರೂ ಬರೆದ ಮೆಸೇಜ್‌ಗಳು ಇನ್ನೂ ಫೋನಿನಲ್ಲಿದ್ದರೆ ತೆಗೆದು ಓದಿ. ಆಗಿನ ನೀವೇ ಈಗಿನ ನಿಮಗೆ ಕೊಡುವ ಸಾಕ್ಷಿ ಅದು. ನಾನು ಓದಿದೆ. ‘ಇವತ್ತೂ ರಾತ್ರಿ ಎರಡಕ್ಕೆ ಕರೆ ಬಂತು, ನಿದ್ದೆ ಇಲ್ಲ’ ಅನ್ನುವ ಒಂದೇ ಸಾಲು ನಾಲ್ಕೈದು ಸಲ ಇತ್ತು.

ನನ್ನ ಕಾರಣ ಅದೇ. ಸಿಸ್ಟಮ್ ಕೆಟ್ಟರೆ ರಾತ್ರಿ ಎದ್ದು ನೋಡುವ ಪಾಳಿಯಲ್ಲಿ ನಾವು ಇಬ್ಬರೇ ಇದ್ದೆವು. ವಾರ ಬಿಟ್ಟು ವಾರ ನನ್ನದೇ ಸರದಿ. ಹಾಗಾಗಿ ಹಳೇ ಮ್ಯಾನೇಜರ್‌ಗೆ ಕೊನೆಗೂ ಬರೆದ ಉತ್ತರದಲ್ಲಿ ಸಂಬಳದ ಮಾತಿಗಿಂತ ಮುಂಚೆ ಒಂದೇ ಪ್ರಶ್ನೆ ಕೇಳಿದೆ. ‘ರಾತ್ರಿ ಪಾಳಿಯಲ್ಲಿ ಈಗ ಎಷ್ಟು ಜನ ಇದ್ದಾರೆ ಸರ್?’ ಐದು ಜನ ಅಂದರು. ಕಳೆದ ಮೂರು ತಿಂಗಳ ಪಾಳಿ ಪಟ್ಟಿ ನೋಡಬಹುದಾ ಅಂತ ಕೇಳಿದೆ. ಕಳಿಸಿದರು. ಅದರಲ್ಲಿ ನಿಜವಾಗಿಯೂ ಐದು ಹೆಸರು ಇದ್ದವು. ಆಮೇಲೇ ಮುಂದಿನ ಮಾತು.

‘ಎಲ್ಲ ಬದಲಾಗಿದೆ’ ಎಂಬ ಭರವಸೆಗೂ ಒಂದು ಪಟ್ಟಿಗೂ ಬಹಳ ಅಂತರವಿದೆ. ಬಡ್ತಿ ಸಿಗಲಿಲ್ಲ ಅಂತ ಬಿಟ್ಟವರು, ಕಳೆದ ಎರಡು ವರ್ಷದಲ್ಲಿ ಆ ವಿಭಾಗದಲ್ಲಿ ಯಾರಿಗೆ ಬಡ್ತಿ ಸಿಕ್ಕಿದೆ ಅಂತ ಕೇಳಬಹುದು. ಕೆಲಸದ ಹೊತ್ತು ವಿಪರೀತ ಅಂತ ಬಿಟ್ಟವರು, ಈಗಿನ ಟೀಮ್‌ನವರ ಜೊತೆ ಅರ್ಧ ಗಂಟೆ ಮಾತಾಡಲು ಅವಕಾಶ ಕೇಳಬಹುದು. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಕಂಪನಿ, ಸೇರಿದ ಮೇಲೆ ಬದಲಾಗುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಬಿಡಲು ಇದ್ದ ಕಾರಣ ನಿಜಕ್ಕೂ ಮಾಯವಾಗಿದ್ದಕ್ಕೆ ಒಂದು ದೊಡ್ಡ ಉದಾಹರಣೆ ನೋಮ್ ಶಜೀರ್. ಗೂಗಲ್‌ನಲ್ಲಿದ್ದಾಗ ಅವರು ಮತ್ತು ಡೇನಿಯಲ್ ಡಿ ಫ್ರೈಟಾಸ್ ಮಾತಾಡುವ ಚಾಟ್‌ಬಾಟ್ ಕಟ್ಟಿದ್ದರು. ಗೂಗಲ್ ಅದನ್ನು ಜನರ ಕೈಗೆ ಕೊಡಲು ಒಪ್ಪಲಿಲ್ಲ. 2021ರಲ್ಲಿ ಇಬ್ಬರೂ ಬಿಟ್ಟು ಕ್ಯಾರೆಕ್ಟರ್ ಎಐ ಕಂಪನಿ ಕಟ್ಟಿದರು. 2024ರಲ್ಲಿ ಇಬ್ಬರೂ ಗೂಗಲ್‌ಗೆ ಮರಳಿದರು. ಅಷ್ಟರಲ್ಲಿ ಗೂಗಲ್‌ಗೆ ಚಾಟ್‌ಬಾಟೇ ಮುಖ್ಯ ಕೆಲಸವಾಗಿತ್ತು. ಅವರ ಮರಳುವಿಕೆಯ ಹಿಂದೆ ಭಾರೀ ಹಣದ ಒಪ್ಪಂದವೂ ಇತ್ತು, ಅದನ್ನು ಮರೆಯುವಂತಿಲ್ಲ. ಆದರೆ ಯಾವ ಬಾಗಿಲು ಮುಚ್ಚಿದೆ ಅಂತ ಹೊರಗೆ ಹೋದರೋ, ಆ ಬಾಗಿಲು ತೆರೆದಿತ್ತು.

ದೊಡ್ಡವರ ಕಥೆಗಳ ಬಗ್ಗೆ ಒಂದು ಮಾತು. ಈ ವಿಷಯ ಬಂದರೆ ಎಲ್ಲರೂ ಸ್ಟೀವ್ ಜಾಬ್ಸ್ ಹೆಸರು ಹೇಳುತ್ತಾರೆ. 1985ರಲ್ಲಿ ಆಪಲ್ ಬಿಟ್ಟರು, 1997ರಲ್ಲಿ ಮರಳಿದರು, ಕಂಪನಿ ಎದ್ದು ನಿಂತಿತು. ನಿಜ. ಆದರೆ ಅವರು ಬರಿಗೈಯಲ್ಲಿ ಬರಲಿಲ್ಲ. ಹೊರಗೆ ಕಟ್ಟಿದ ನೆಕ್ಸ್ಟ್ ಕಂಪನಿಯನ್ನೇ ಆಪಲ್ ಕೊಂಡುಕೊಂಡಿತು. ಅದರ ಸಾಫ್ಟ್‌ವೇರ್ ಮೇಲೆಯೇ ಮುಂದಿನ ಮ್ಯಾಕ್ ನಿಂತಿತು. ಇನ್ನು ಮರಳಿ ಬಂದ ಸಿಇಒಗಳನ್ನೆಲ್ಲ ಒಟ್ಟಿಗೆ ನೋಡಿದ ಅಧ್ಯಯನವೊಂದು, 1992ರಿಂದ 2017ರವರೆಗಿನ ಲೆಕ್ಕದಲ್ಲಿ, ಅವರ ಕಂಪನಿಗಳ ಷೇರು ಉಳಿದವರಿಗಿಂತ ವರ್ಷಕ್ಕೆ ಸುಮಾರು ಶೇ 10ರಷ್ಟು ಹಿಂದೆ ಬಿತ್ತು ಎಂದು ಕಂಡಿತು. ನಮ್ಮ ನಿಮ್ಮಂಥವರ ತೀರ್ಮಾನಕ್ಕೆ ಜಾಬ್ಸ್ ಕಥೆ ಅಳತೆಗೋಲಾಗಬಾರದು.

ಉಳಿದವರ ಮಾತನ್ನು ಯಾರು ಕೇಳುತ್ತಾರೆ?

ಈ ಚರ್ಚೆಯಲ್ಲಿ ಅತಿ ಕಡಿಮೆ ಮಾತು ಬರುವುದು ಬಿಡದೆ ಉಳಿದವರ ಬಗ್ಗೆ. ನನಗೆ ಅತಿ ಹೆಚ್ಚು ನೋವಾಗುವುದೂ ಇಲ್ಲೇ.

ಹೀಗೆ ಯೋಚಿಸಿ. ಒಂದೇ ದಿನ ಸೇರಿದ ಇಬ್ಬರು. ಒಬ್ಬರು ಬಿಟ್ಟು ಹೋದರು. ಇನ್ನೊಬ್ಬರು ಉಳಿದರು. ಬಿಟ್ಟವರ ಕೆಲಸವನ್ನೂ ಅವರೇ ಹೊತ್ತರು, ಜನ ಕಡಿಮೆ ಇದ್ದಾಗ ರಜೆ ಬಿಟ್ಟು ದುಡಿದರು. ವರ್ಷಕ್ಕೊಮ್ಮೆ ಅಪ್ರೈಸಲ್‌ನಲ್ಲಿ ಸಣ್ಣ ಹೈಕ್. ಮೂರು ವರ್ಷದ ನಂತರ ಹೋದವರು ವಾಪಸ್ ಬಂದರು. ಒಂದು ಮೆಟ್ಟಿಲು ಮೇಲಿನ ಹುದ್ದೆ, ಮಾರುಕಟ್ಟೆಯ ದರದ ಸಂಬಳ. ಉಳಿದವರಿಗೆ ಏನನ್ನಿಸಬೇಕು?

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅದೇ ಗಿಡವನ್ನು ಯಾರೋ ಕಿತ್ತುಕೊಂಡು ಹೋಗಿ, ಬೇರೆ ಕುಂಡದಲ್ಲಿಟ್ಟು, ಮತ್ತೆ ಮಾರಿದರೆ ದುಬಾರಿ ಮದ್ದಾಗುತ್ತದೆ. ಇದರಲ್ಲಿ ಮರಳಿದವರ ತಪ್ಪಿಲ್ಲ. ತಮ್ಮ ಬೆಲೆ ಕೇಳುವುದು ಅವರ ಹಕ್ಕು. ತಪ್ಪು ಕಂಪನಿಯ ಲೆಕ್ಕದ್ದು. ಹೊರಗಿನಿಂದ ಬರುವವರಿಗೆ ಮಾರುಕಟ್ಟೆ ದರ, ಒಳಗಿರುವವರಿಗೆ ಕಳೆದ ವರ್ಷದ ಸಂಬಳದ ಮೇಲೆ ಇಷ್ಟು ಅಂತ ಲೆಕ್ಕ. ಈ ಎರಡು ಲೆಕ್ಕ ಬೇರೆ ಬೇರೆಯಾಗಿ ಇರುವ ತನಕ, ಒಬ್ಬರನ್ನು ವಾಪಸ್ ಕರೆತಂದ ಕಂಪನಿ ಉಳಿದವರಿಗೆ ಒಂದು ಪಾಠ ಹೇಳಿಕೊಡುತ್ತಿರುತ್ತದೆ: ಬೆಲೆ ಬೇಕಿದ್ದರೆ ಒಮ್ಮೆ ಬಿಟ್ಟು ಹೋಗಿ. ಅವರಲ್ಲಿ ಕೆಲವರು ಅದನ್ನು ಕಲಿತೇ ಕಲಿಯುತ್ತಾರೆ. ಒಬ್ಬರನ್ನು ಕರೆಸಿಕೊಳ್ಳುವಾಗ ಅದೇ ಕೆಲಸ ಮಾಡುತ್ತಿರುವ ಉಳಿದವರ ಸಂಬಳವನ್ನೂ ಅವತ್ತೇ ತೆಗೆದು ನೋಡಬೇಕು. ಹಾಗೆ ನೋಡದ ಕಂಪನಿ ಒಬ್ಬರನ್ನು ಗಳಿಸಿ ಇಬ್ಬರನ್ನು ಕಳೆದುಕೊಂಡರೆ ಆಶ್ಚರ್ಯವಿಲ್ಲ.

ಮರಳುವವರು ಮಾಡಬಹುದಾದ್ದೂ ಇದೆ. ಬಂದ ಮೊದಲ ವಾರ ‘ನಾವಿದ್ದಾಗ ಹೀಗಿರಲಿಲ್ಲ’ ಎಂಬ ಮಾತು ಬಾಯಿಗೆ ಬರುತ್ತದೆ. ‘ಆ ಕಂಪನಿಯಲ್ಲಿ ಹೀಗೆ ಮಾಡುತ್ತಿದ್ದೆವು’ ಎಂಬುದೂ ಬರುತ್ತದೆ. ಎರಡನ್ನೂ ಒಂದೆರಡು ತಿಂಗಳು ತಡೆದಿಟ್ಟರೆ ಒಳ್ಳೆಯದು. ನೀವಿಲ್ಲದಾಗ ನಡೆದದ್ದೆಲ್ಲ ಬೇರೆಯವರ ಶ್ರಮ. ಅದರ ಹಿಂದೆ ಏನು ನಡೆದಿದೆ ಅಂತ ಗೊತ್ತಿಲ್ಲದೆ ಅಳೆಯುವುದು ಅನ್ಯಾಯ. ಮುಂಚೆ ನಿಮಗೆ ವರದಿ ಕೊಡುತ್ತಿದ್ದವರು ಈಗ ನಿಮ್ಮ ಮ್ಯಾನೇಜರ್ ಆಗಿರಬಹುದು. ಅವರನ್ನು ಮೀಟಿಂಗ್‌ನಲ್ಲಿ ಹಳೇ ಸಲುಗೆಯಿಂದ ಕರೆದರೆ ಅವರಿಗೆ ಆಗುವ ಮುಜುಗರ ದೊಡ್ಡದು.

ಕಾಗದದ ಮೇಲೆ ನೋಡಬೇಕಾದ್ದು

ಹಳೇ ಜಾಗ ಅಂತ ಸಲುಗೆಯಲ್ಲಿ ಆಫರ್ ಲೆಟರ್ ಓದದೆ ಸಹಿ ಮಾಡುವವರು ತುಂಬಾ ಜನ. ಅದು ಹೊಸ ಕೆಲಸದ ಪತ್ರ ಅಂತಲೇ ಓದಿ. ಹಿಂದಿನ ಸೇವೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೆಯಾ, ಅಥವಾ ಸೊನ್ನೆಯಿಂದ ಶುರುವಾ? ಸೀನಿಯಾರಿಟಿ, ರಜೆ, ನಿವೃತ್ತಿ ಸೌಲಭ್ಯ ಎಷ್ಟೋ ಕಡೆ ಈ ಒಂದು ಉತ್ತರದ ಮೇಲೆ ನಿಂತಿರುತ್ತವೆ. ಪ್ರೊಬೇಷನ್ ಮತ್ತೆ ಇದೆಯಾ? ಈಗಿನ ಕಂಪನಿಯ ಒಪ್ಪಂದದಲ್ಲಿ, ಪೈಪೋಟಿಯ ಕಂಪನಿಗೆ ಇಷ್ಟು ಕಾಲ ಸೇರುವಂತಿಲ್ಲ ಎಂಬ ಷರತ್ತು ಇದೆಯಾ? ಸಂಬಳದ ಮಾತಿನಲ್ಲಿ ಒಂದು ತೊಡಕಿದೆ. ನೀವು ಬಿಡುವಾಗ ಎಷ್ಟು ತೆಗೆದುಕೊಳ್ಳುತ್ತಿದ್ದಿರಿ ಅಂತ ಅವರ ಬಳಿ ದಾಖಲೆ ಇದೆ. ಆ ಅಂಕಿಯಿಂದ ಮಾತು ಶುರುವಾಗಲು ಬಿಡಬೇಡಿ. ಈಗಿನ ಕೆಲಸದ ಬೆಲೆಯಿಂದ ಶುರುಮಾಡಿ.

ತಾವಾಗಿ ಬಿಟ್ಟವರ ಬಗ್ಗೆ ಇಷ್ಟು ಹೊತ್ತು ಹೇಳಿದೆ. ಲೇಆಫ್ ಆದವರನ್ನು ಮತ್ತೆ ಕರೆಯುವುದು ಬೇರೆಯೇ ವಿಷಯ. ಅಲ್ಲಿ ನಂಬಿಕೆ ಮುರಿದದ್ದು ಕಂಪನಿ. ಒಂದು ಮೇಲ್‌ನಲ್ಲಿ ಹೊರಗೆ ಹಾಕಿ, ಆರು ತಿಂಗಳಿಗೆ ‘ಬನ್ನಿ’ ಎಂದರೆ, ಹೊಟ್ಟೆಪಾಡಿಗೆ ಹೋಗಬೇಕಾದವರು ಹೋಗಲಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಮತ್ತೆ ಹಾಗಾದರೆ ಎಷ್ಟು ತಿಂಗಳ ಸಂಬಳ ಪರಿಹಾರ ಅಂತ ಬರವಣಿಗೆಯಲ್ಲಿ ಕೇಳುವ ಪೂರ್ತಿ ಹಕ್ಕು ಅವರಿಗಿದೆ. ಅದನ್ನು ಕೇಳಲು ಎರಡನೇ ಸಲ ಕರೆ ಬಂದ ಹೊತ್ತಿಗಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಬಿಡುವ ರೀತಿಯ ಬಗ್ಗೆಯೂ ಹೇಳಲೇಬೇಕು. ಬಹಳ ಕಂಪನಿಗಳ ದಾಖಲೆಯಲ್ಲಿ, ಬಿಟ್ಟು ಹೋದವರ ಹೆಸರಿನ ಎದುರು ‘ಮತ್ತೆ ಸೇರಿಸಿಕೊಳ್ಳಬಹುದೇ’ ಎಂಬ ಒಂದು ಕಾಲಮ್ ಇರುತ್ತದೆ. ಹೌದು ಅಥವಾ ಇಲ್ಲ. ನೋಟಿಸ್ ಪೀರಿಯಡ್ ಹೇಗೆ ಕಳೆದಿರಿ, ಹ್ಯಾಂಡೋವರ್ ಎಷ್ಟು ನೆಟ್ಟಗೆ ಮಾಡಿದಿರಿ ಅನ್ನುವುದು ಅಲ್ಲಿ ಸೇರುತ್ತದೆ. ಎಕ್ಸಿಟ್ ಇಂಟರ್‌ವ್ಯೂನಲ್ಲಿ ಬಿಡುವ ಕಾರಣವನ್ನು ಸಮಾಧಾನವಾಗಿ, ನಿಜವಾಗಿ ಹೇಳಿ. ‘ವೈಯಕ್ತಿಕ ಕಾರಣ’ ಅಂತ ಬರೆದು ಹೋದರೆ ಅದನ್ನು ಸರಿಮಾಡಲು ಅವರಿಗೂ ದಾರಿ ಇರುವುದಿಲ್ಲ. ನಾನು ಹೋಗುವಾಗ ರಾತ್ರಿ ಪಾಳಿಯ ವಿಷಯವನ್ನೇ ಹೇಳಿದ್ದೆ. ನನ್ನ ನಂತರ ಇನ್ನಿಬ್ಬರು ಅದನ್ನೇ ಹೇಳಿ ಬಿಟ್ಟರಂತೆ. ಆಮೇಲೆ ಪಾಳಿಗೆ ಜನ ಬಂದರು.

ಮರಳಿದ ಮೊದಲ ದಿನ ನಾನು ಹುಡುಕಿದ್ದು ನನ್ನದೇ ಹ್ಯಾಂಡೋವರ್ ಫೈಲ್. ಹದಿನಾಲ್ಕು ಪುಟ ಬರೆದಿಟ್ಟು ಹೋಗಿದ್ದೆ, ಅದು ಇನ್ನೂ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ತೆರೆದರೆ ನಲವತ್ತು ಪುಟಕ್ಕೆ ಬೆಳೆದಿತ್ತು. ನನ್ನ ಸಾಲುಗಳ ಪಕ್ಕ ಬೇರೆ ಬೇರೆಯವರ ಟಿಪ್ಪಣಿ. ‘ಇದು ಈಗ ಹೀಗಿಲ್ಲ.’ ‘ಈ ಹಂತ ತೆಗೆದಿದ್ದೇವೆ.’ ಒಂದು ಕಡೆ, ‘ಇದನ್ನು ಯಾಕೆ ಹೀಗೆ ಮಾಡಿದ್ದರೋ ತಿಳಿಯದು, ಬರೆದವರನ್ನು ಕೇಳಬೇಕು’ ಅಂತ ಯಾರೋ ಬರೆದಿದ್ದರು. ಕೆಳಗೆ ಹೆಸರಿತ್ತು, ನಾನು ಹೋದ ಮೇಲೆ ಸೇರಿದ ಹುಡುಗಿ. ಮಧ್ಯಾಹ್ನ ಅವಳ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಯಾಕೆ ಹಾಗೆ ಮಾಡಿದ್ದೆ ಅಂತ ನಾನು ಹೇಳಿದೆ. ಈಗ ಹೇಗೆ ಮಾಡುತ್ತಾರೆ ಅಂತ ಅವಳು ಮೊದಲಿನಿಂದ ಹೇಳಿಕೊಟ್ಟಳು.